ಅಮೃತೋತ್ಸವಕ್ಕೊಂದು ಪೆನ್‌ಡ್ರೈವ್

ಹೊನ್ನಾವರದಿಂದ ಶಿರಸಿಯವರೆಗೆ ನಮ್ಮ ಯಕ್ಷಗಾನ ಸಂಘಗಳು ಹಳೇ ಧ್ವನಿಮುದ್ರಣಗಳನ್ನು ಶಾಶ್ವತವಾಗಿ ಉಳಿಸುವುದು ಒಂದೇ ಸಲವಲ್ಲ. ಬೆಳ್ಳಿಹಬ್ಬಕ್ಕೆ ಕ್ಯಾಸೆಟ್ಟಿನಲ್ಲಿ ಶಾಶ್ವತ, ಸುವರ್ಣಕ್ಕೆ ಸಿ.ಡಿ.ಯಲ್ಲಿ ಇನ್ನೂ ಶಾಶ್ವತ, ಅಮೃತೋತ್ಸವಕ್ಕೆ ಪೆನ್‌ಡ್ರೈವಿನಲ್ಲಿ ಮತ್ತೂ ಶಾಶ್ವತ. ಪ್ರತಿ ಸಲವೂ ದೀಪ, ಶಾಲು, ಬಿಡುಗಡೆ. ಕೇಳುವ ಕಾರ್ಯಕ್ರಮ ಮಾತ್ರ ಆಮಂತ್ರಣ ಪತ್ರಿಕೆಯಲ್ಲಿ ಇರುವುದಿಲ್ಲ.

ಮೂಲ ಸಾಮಗ್ರಿ ಸಣ್ಣದಲ್ಲ. ರಾತ್ರಿಯಿಡೀ ಆಟ ಎಂದರೆ ಎಂಟು ತಾಸು. ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ. ಆರು ಕ್ಯಾಸೆಟ್ಟು ಬೇಕು. ಭಾಗವತರು ಏರುಪದ್ಯ ಎತ್ತಿದ ಹೊತ್ತಿಗೇ ಮಗ್ಗುಲು ಮುಗಿಯುವುದು ಆ ಯಂತ್ರದ ಹುಟ್ಟುಗುಣ. ಇವನ್ನು ಅಟ್ಟದ ಟ್ರಂಕಿನಲ್ಲಿಟ್ಟು ಮೂವತ್ತು ಮಳೆಗಾಲ ಕಳೆದರೆ ರೀಲಿನ ಅಂಚಿಗೆ ಬಿಳೀ ಬೂಷ್ಟು ಬರುತ್ತದೆ. ಟೇಪನ್ನು ಅದನ್ನೋದುವ ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪ್ಯಾಡು ಅಂಟು ಬಿಟ್ಟು ಉದುರುತ್ತದೆ. ಆಮೇಲೆ ಚಂಡೆ ಕಂಬಳಿ ಹೊದ್ದು ಬಾರಿಸಿದಂತೆ ಕೇಳುತ್ತದೆ. ಚಿಪ್ಪಿನ ಐದು ಸ್ಕ್ರೂ ಬಿಚ್ಚಿ, ಬೇಡದ ಕ್ಯಾಸೆಟ್ಟಿನ ಪ್ಯಾಡು ಕೂರಿಸಿದರೆ ಸರಿಹೋಗುತ್ತದೆ. ಆದರೆ ಸ್ಕ್ರೂ ಬಿಚ್ಚುವುದಕ್ಕೆ ಉದ್ಘಾಟಕರನ್ನು ಕರೆಯಲಾದೀತೇ?

ವಿಡಿಯೋ ಟೇಪಿನದು ಇನ್ನೂ ಮಜಾ. ಬೂಷ್ಟು ಹಿಡಿದ ಟೇಪನ್ನು ಒರೆಸದೆ ವಿ.ಸಿ.ಆರ್.ಗೆ ತುರುಕುತ್ತಾರೆ. ಒಳಗಿನ ಹೆಡ್ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಬೂಷ್ಟು ಅದಕ್ಕೆ ಮೆತ್ತಿ ಚಿತ್ರ ಮಾಯ, ಮುಂದೆ ಹಾಕುವ ಒಳ್ಳೇ ಟೇಪಿಗೂ ಪ್ರಸಾದ. ಒಂದೊಂದು ಟೇಪಿನ ನಂತರವೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹೆಡ್ಡು ಒರೆಸಬೇಕು. ಸವೆದ ಹೆಡ್ಡಿಗೆ ಹೊಸದು ಸಿಗುವುದಂತೂ ಕನಸು: ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲೇ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು.

ಹೀಗೆ ಉಳಿದದ್ದು ವಿ.ಸಿ.ಡಿ.ಗೆ, ಅಂದರೆ ವಿಡಿಯೋ ತುಂಬಿದ ಸಿ.ಡಿ.ಗೆ, ಇಳಿಯಿತು. ಟೇಪಿನ 576 ಗೆರೆಯ ಚಿತ್ರ ಅಲ್ಲಿ 288 ಗೆರೆ. ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಜರಿಪಟ್ಟಿ ಎಲ್ಲಿ ಮುಗಿಯಿತು, ಹಣೆಯ ಬೆವರು ಎಲ್ಲಿ ಶುರುವಾಯಿತು ಎನ್ನುವುದು ರಸಿಕರ ಊಹೆಗೆ. ಮೂರು ತಾಸಿನ ಪ್ರಸಂಗಕ್ಕೆ ಮೂರು ಡಿಸ್ಕು. ಅವುಗಳ ಮೇಲೆ ಮುಖ್ಯ ಅತಿಥಿಗಳಿಂದ ಬಾಲ್‌ಪೆನ್ನಿನಲ್ಲಿ ಹಸ್ತಾಕ್ಷರ. ಸಿ.ಡಿ.ಯ ಹೊಳೆಯುವ ಪದರ ಇರುವುದು ಬರೆಯುವ ಬದಿಯ ತೆಳು ಅರಗಿನ ಕೆಳಗೇ. ಅಲ್ಲಿ ಗೀರು ಬಿದ್ದರೆ ದಾಖಲೆಯೂ ಹೋಯಿತು. ಅತಿಥಿ ಎಷ್ಟು ದೊಡ್ಡವರೋ ಸಹಿಯೂ ಅಷ್ಟೇ ಉದ್ದ. ಕೃಷ್ಣಸಂಧಾನ ಮುರಿಯುವುದು ಸಭೆಯಲ್ಲಲ್ಲ, ಸಹಿಯ ಕೊನೇ ಸುಳಿಯಲ್ಲಿ.

‘ಕಾಪಿ ಆಯ್ತಲ್ಲ ಮಾರಾಯ’ ಎಂದು ಮೂಲ ಟೇಪನ್ನು ಬಿಚ್ಚಿ ಗದ್ದೆಗೆ ಹಕ್ಕಿ ಬಾರದಂತೆ ಕಟ್ಟುತ್ತಾರೆ. ಅಂತೂ ಸಾರ್ವಜನಿಕ ಪ್ರದರ್ಶನ ಆಯಿತು.

ಇನ್ನು ಸ್ಥಾಪಕರ ಫೋಟೊ. ಕಪ್ಪು-ಬಿಳುಪಿನದು ಬೆಳ್ಳಿಯ ಕಣಗಳ ಚಿತ್ರವಾದ್ದರಿಂದ, ಪಕ್ಕದ ಬಣ್ಣದ ಫೋಟೊಗಳು ಕೆಂಪಡರಿದರೂ ಗಟ್ಟಿಯಾಗಿ ಕೂತಿದೆ. ತೇವಕ್ಕೆ ಗಾಜಿಗೆ ಅಂಟಿದೆ, ಅಷ್ಟೆ. ಗಾಜಿನ ಸಮೇತ 600 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಬಹುದು. ಕಾರ್ಯದರ್ಶಿಗಳು ಎಳೆದೇ ಬಿಡಿಸುತ್ತಾರೆ. ಸ್ಥಾಪಕರ ಎಡಗೆನ್ನೆ ಗಾಜಿನಲ್ಲೇ ಉಳಿಯುತ್ತದೆ. ಮಿಕ್ಕಿದ್ದಕ್ಕೆ ಟ್ಯೂಬ್‌ಲೈಟಿನಡಿ ಮೊಬೈಲು ಹಿಡಿದು, ವಾಟ್ಸ್ಆ್ಯಪಿನಲ್ಲಿ ಕುಗ್ಗಿಸಿ, ಹತ್ತು ಅಡಿ ಫ್ಲೆಕ್ಸಿಗೆ ಹಿಗ್ಗಿಸಿದರೆ ಬಸ್‌ಸ್ಟ್ಯಾಂಡಿನಲ್ಲಿ ಚೌಕಚೌಕವಾಗಿ ನಗುತ್ತಾರೆ.

ಪೆನ್‌ಡ್ರೈವು ಈಗ ಗಾಜಿನ ಕಪಾಟಿನಲ್ಲಿದೆ. ಹೊಸ ಲ್ಯಾಪ್‌ಟಾಪಿಗೆ ಅದನ್ನು ಚುಚ್ಚುವ ತೂತಿಲ್ಲ. ಅದೂ ದೊಡ್ಡ ಚಿಂತೆಯಲ್ಲ, ಅನುದಾನದ ಅರ್ಜಿಗೆ ಕಚೇರಿ ಕೇಳುವುದು ‘ಸಿ.ಡಿ. ಎರಡು ಪ್ರತಿ’. ಕಾರವಾರದ ಅಂಗಡಿಯಲ್ಲಿ ಬರೆಸಿ, ಪೊಟ್ಟಣ ಅರ್ಜಿಯಿಂದ ಬೇರಾಗದಂತೆ ಡಿಸ್ಕಿನ ಅಂಚು ಸೇರಿಸಿಯೇ ಸ್ಟೇಪಲ್ ಹೊಡೆದು ಕೊಡಬೇಕು. ಆ ಕಚೇರಿಯ ಕಂಪ್ಯೂಟರಿಗೆ ಸಿ.ಡಿ. ಡ್ರೈವೇ ಇಲ್ಲ. ಎಂಟು ದಿನದೊಳಗೆ ಸೀಲು ಬೀಳುತ್ತದೆ: ‘ಪರಿಶೀಲಿಸಲಾಗಿದೆ’.