ಹೊಟ್ಟೆ ಕೆಡದಿದ್ದರೂ ಗೋಧಿ ಒಳಗೆ ಹೋಗಿರಬಹುದು

ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇರುವವರನ್ನು ಮನೆಯವರು ಕೇಳುವ ಮೊದಲ ಪ್ರಶ್ನೆ, "ಹೊಟ್ಟೆ ಕೆಟ್ಟಿತಾ?" ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಭೇದಿ ಇಲ್ಲ, ವಾಂತಿ ಇಲ್ಲ, ಹಾಗಾದರೆ ಗೋಧಿ ಒಳಗೆ ಹೋಗಿಲ್ಲ ಅಂತ ತೀರ್ಮಾನ. ಈ ತೀರ್ಮಾನ ತಪ್ಪು. ಇದು ಎಷ್ಟು ಕೆಟ್ಟದ್ದು ಅಂತ ಅನುಭವಿಸಿದವಳಾಗಿ ಬರೆಯುತ್ತಿದ್ದೇನೆ.

ನಾನು ತುಮಕೂರಿನವಳು, ಹೈಸ್ಕೂಲ್ ಟೀಚರ್. ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನ್ ಇದೆ. ಅದು ಒಳಗೆ ಹೋದರೆ ನನ್ನ ದೇಹದ ರೋಗನಿರೋಧಕ ಶಕ್ತಿ ನನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಊಟದ ಸತ್ವ ಹೀರಿಕೊಳ್ಳುವ ಒಳಪದರ ಸವೆಯುತ್ತದೆ. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ. ನನಗೆ ಕಾಯಿಲೆ ಗೊತ್ತಾಗಿದ್ದು ಕೂಡ ಹೊಟ್ಟೆಯಿಂದಲ್ಲ. ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್‌ನಿಂದ.

ತಿಳಿಯದೆ ಸ್ವಲ್ಪ ಗೋಧಿ ಒಳಗೆ ಹೋದಾಗ ನನಗೆ ಮೊದಲು ಕೈಕೊಡುವುದು ತಲೆ. ಬೋರ್ಡಿನ ಮುಂದೆ ನಿಂತಿರುತ್ತೇನೆ, ದಿನಾ ಹೇಳುವ ಪದ ಬಾಯಿಗೆ ಬರುವುದಿಲ್ಲ. ಮಕ್ಕಳ ಹೆಸರು ತಡಕಾಡುತ್ತೇನೆ. ರಾತ್ರಿ ಚೆನ್ನಾಗಿ ಮಲಗಿ ಎದ್ದರೂ ಮೈ ಭಾರ. ಮಾರನೇ ದಿನ ನಾಲಗೆ ಅಂಚಿನಲ್ಲಿ ಹುಣ್ಣು. ಜೊತೆಗೆ ಕಾರಣವಿಲ್ಲದ ಸಿಟ್ಟು, ಸುಮ್ನೆ ಅಳು. ಹೊಟ್ಟೆಯ ವಿಷಯಕ್ಕೆ ಬಂದರೆ ಸಂಜೆ ಹೊತ್ತಿಗೆ ಸ್ವಲ್ಪ ಉಬ್ಬರ, ಅಷ್ಟೇ. ಕೆಲವರಿಗೆ ಭೇದಿಯ ಬದಲು ಮಲಬದ್ಧತೆ ಆಗುತ್ತದೆ. ಇನ್ನು ಕೆಲವರಿಗೆ ತಲೆನೋವು, ಕೀಲುನೋವು, ಕೈಕಾಲು ಜೋಮು. ಮೊಣಕೈ, ಮೊಣಕಾಲು, ಪೃಷ್ಠದ ಮೇಲೆ ತಡೆಯಲಾರದಷ್ಟು ತುರಿಸುವ ಸಣ್ಣ ಗುಳ್ಳೆಗಳು ಏಳುವುದೂ ಉಂಟು. ಅದೂ ಸೀಲಿಯಾಕ್‌ನದೇ ಇನ್ನೊಂದು ಮುಖ. ಚರ್ಮದ ಅಲರ್ಜಿ ಅಂತ ಮುಲಾಮು ಹಚ್ಚಿಕೊಂಡು ಕೂರುವವರಿದ್ದಾರೆ.

ಇವು ತಿಂದ ಕೂಡಲೇ ಬರುವುದಿಲ್ಲ ಅನ್ನುವುದೇ ದೊಡ್ಡ ತೊಡಕು. ಕೆಲವರಿಗೆ ಒಂದೆರಡು ಗಂಟೆಯಲ್ಲಿ ಬರಬಹುದು, ಕೆಲವರಿಗೆ ಒಂದೆರಡು ದಿನ ಬಿಟ್ಟು. ಭಾನುವಾರ ಮದುವೆ ಊಟ, ಮಂಗಳವಾರ ಬಾಯಿಹುಣ್ಣು. ಎರಡನ್ನೂ ಯಾರು ಜೋಡಿಸಿ ನೋಡುತ್ತಾರೆ? "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಅನ್ನುತ್ತಾರೆ. "ಕೆಲಸ ಜಾಸ್ತಿ ಆಯ್ತು" ಅನ್ನುತ್ತಾರೆ. ಹೆಣ್ಣುಮಕ್ಕಳಾದರೆ ಮುಟ್ಟಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ.

ನಮ್ಮ ಕಡೆ ಇದು ಕಣ್ಣಿಗೆ ಬೀಳದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ 1.23 ಜನರ ರಕ್ತದಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಕಂಡಿದ್ದವು, ದಕ್ಷಿಣದಲ್ಲಿ ನೂರಕ್ಕೆ 0.10. ಅಂದರೆ ನಮ್ಮಲ್ಲಿ ಸಾವಿರಕ್ಕೆ ಒಬ್ಬರಲ್ಲಿ. ಡಾಕ್ಟರ ಮುಂದೆ ಇಂಥವರು ಬರುವುದೇ ಅಪರೂಪ, ತಲೆಗೆ ಹೊಳೆಯುವುದೂ ಅಪರೂಪ. ಅದರ ಮೇಲೆ, ನಾವು ರಾಗಿ ಸೀಮೆಯವರು ಅನ್ನುವ ಧೈರ್ಯ. ಮುದ್ದೆ, ಬಸ್ಸಾರು, ಅನ್ನ, ತಟ್ಟೆ ಇಡ್ಲಿ. ಗೋಧಿ ಎಲ್ಲಿಂದ ಬರಬೇಕು, ಅಲ್ವಾ?

ಎಲ್ಲಿಂದ ಅಂತ ಹೇಳುತ್ತೇನೆ. ಮೊದಲನೆಯದು ಇಂಗು. ಡಬ್ಬಿಯಲ್ಲಿ ಸಿಗುವ ಪುಡಿ ಇಂಗಿಗೆ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುವುದು ಮಾಮೂಲು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಕ್ಕಿ, ಉದ್ದಿನದು ಸರಿ, ಪಕ್ಕದ ಸಾಂಬಾರಿನ ಒಗ್ಗರಣೆ ಯಾವ ಇಂಗಿನದು? ಎರಡನೆಯದು ಹಿಟ್ಟಿನ ಮಿಲ್ಲು. ನಮಗಿಂತ ಮುಂಚೆ ಬಂದವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿ ಸುರಿದರೆ ಗೋಧಿ ಹಿಟ್ಟು ಬಂದೇ ಬರುತ್ತದೆ. ಮಕ್ಕಳ ಸರಿಹಿಟ್ಟಿಗೆ ಗೋಧಿ ಸೇರಿಸುವ ಮನೆಗಳಿವೆ. ನಿಪ್ಪಟ್ಟು, ಕೋಡುಬಳೆಗೆ ಮೈದಾ, ಚಿರೋಟಿ ರವೆ ಬೀಳುತ್ತದೆ. ಗೋಬಿ ಮಂಚೂರಿಯಲ್ಲಿ ಮೈದಾ ಇರುತ್ತದೆ, ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ.

ಕಳೆದ ಸಲ ಛತ್ರದ ಊಟದಲ್ಲಿ ನಾನು ಪೂರಿ ಮುಟ್ಟಲಿಲ್ಲ, ಒಬ್ಬಟ್ಟು ಮುಟ್ಟಲಿಲ್ಲ. ಅನ್ನ, ಮೊಸರು, ಹಪ್ಪಳ. ಎರಡು ದಿನ ಬಿಟ್ಟು ತಲೆ ಮಂಕಾಯಿತು, ಹುಣ್ಣೂ ಬಂತು. ಆಮೇಲೆ ಅಡುಗೆಯವರನ್ನು ಕೇಳಿದೆ. ಪೂರಿ ಕರಿದ ಎಣ್ಣೆಯಲ್ಲೇ ಹಪ್ಪಳ ಕರಿದಿದ್ದರು. ಅವರದೇನೂ ತಪ್ಪಿಲ್ಲ. ಅವರಿಗೆ ಹೇಳಿದವರು ಯಾರು?

"ಒಂಚೂರಿಗೆ ಏನಾಗುತ್ತೆ ಬಾರಮ್ಮ, ದೇವರ ಪ್ರಸಾದ" ಅಂತ ಅತ್ತೆ ಸತ್ಯನಾರಾಯಣ ಪೂಜೆಯ ಸಜ್ಜಿಗೆ ಕೈಗಿಡುತ್ತಾರೆ. ಅವರ ಪ್ರೀತಿ ನನಗೆ ಗೊತ್ತು. ಆದರೆ ಸೀಲಿಯಾಕ್ ಇರುವವರಿಗೆ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಕೊಟ್ಟು ನೋಡಿದಾಗ ಕರುಳಿನ ಒಳಪದರ ಕೆಟ್ಟಿದ್ದು ಕಂಡಿದೆ. 50 ಮಿಲಿಗ್ರಾಂ ಅಂದರೆ ಸುಮಾರು ಅರ್ಧ ಗ್ರಾಂ ಮೈದಾ. ಒಂದು ಚಿಟಿಕೆ. ನಮ್ಮ ದೇಶದ ಆಹಾರ ನಿಯಮದಲ್ಲೂ "ಗ್ಲುಟೆನ್ ಫ್ರೀ" ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಈಗ ನಾನು ಸಜ್ಜಿಗೆಯನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡುತ್ತೇನೆ. ದೇವರಿಗೆ ಬೇಜಾರಾಗುವುದಿಲ್ಲ ಅಂತ ನನ್ನ ನಂಬಿಕೆ.

ಕಾಯಿಲೆ ಇರುವವರಿಗೆ ನನ್ನ ಮಾತು ಇಷ್ಟು. ನಿಮ್ಮ ದೇಹ ಹೇಗೆ ಹೇಳುತ್ತದೆ ಅಂತ ಗುರುತು ಮಾಡಿಕೊಳ್ಳಿ. ಸುಸ್ತು, ಹುಣ್ಣು, ಸಿಟ್ಟು ಬಂದ ದಿನ ಮೊಬೈಲ್‌ನಲ್ಲಿ ಬರೆದಿಡಿ. ಅದರ ಹಿಂದಿನ ಎರಡು ಮೂರು ದಿನ ಏನು ತಿಂದಿರಿ, ಎಲ್ಲಿ ತಿಂದಿರಿ, ಯಾವ ಹೊಸ ಪೊಟ್ಟಣ ಒಡೆದಿರಿ, ಅದನ್ನೂ ಬರೆಯಿರಿ. ಕೆಲವು ತಿಂಗಳಲ್ಲಿ ಒಂದು ಜಾಡು ಸಿಗುತ್ತದೆ. ಹಾಗಂತ ಎಲ್ಲ ಸುಸ್ತನ್ನೂ ಗೋಧಿಯ ತಲೆಗೆ ಕಟ್ಟಬೇಡಿ. ಥೈರಾಯ್ಡ್, ಬಿ12, ರಕ್ತಹೀನತೆ ನಮ್ಮಂಥವರಿಗೆ ಜೊತೆಗೇ ಇರಬಹುದು, ಪರೀಕ್ಷೆ ಮಾಡಿಸಿ. ಯಾವ ಲಕ್ಷಣವೂ ಇಲ್ಲದೆ ಕರುಳು ಕೆಡುವವರೂ ಇದ್ದಾರೆ. ಹಾಗಾಗಿ ಆರಾಮಾಗಿದ್ದೀನಿ ಅಂತ ವರ್ಷದ ರಕ್ತಪರೀಕ್ಷೆ ತಪ್ಪಿಸಬೇಡಿ.

ಇದನ್ನು ಓದಿ ಯಾರಿಗಾದರೂ "ಇದು ನನ್ನ ಕಥೆಯೇ" ಅನ್ನಿಸಿದರೆ, ದಯವಿಟ್ಟು ಇವತ್ತೇ ಗೋಧಿ ಬಿಡಬೇಡಿ. ಗೋಧಿ ತಿನ್ನುತ್ತಿರುವಾಗಲೇ ಸೀಲಿಯಾಕ್ ಗುರುತಿಸುವ ಟಿಟಿಜಿ ಅನ್ನುವ ರಕ್ತಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಒಡಹುಟ್ಟಿದವರು, ಮಕ್ಕಳು, ತಂದೆತಾಯಿಗೆ ಈ ಕಾಯಿಲೆ ಇರುವ ಸಾಧ್ಯತೆ ಉಳಿದವರಿಗಿಂತ ತುಂಬಾ ಜಾಸ್ತಿ. ನನ್ನ ತಂಗಿ ಪರೀಕ್ಷೆ ಮಾಡಿಸಿದಳು, ಅವಳಿಗಿಲ್ಲ. ಅಣ್ಣನಿಗೆ ತಿಂಗಳಿಗೊಮ್ಮೆ ಬಾಯಿಹುಣ್ಣು, ಯಾವಾಗಲೂ ಸುಸ್ತು. "ಹೊಟ್ಟೆ ಚೆನ್ನಾಗೇ ಇದೆ ಕಣೇ" ಅಂತಾನೆ. ಅಣ್ಣಾ, ಇದನ್ನು ನೀನು ಓದುತ್ತೀಯ ಅಂತ ಗೊತ್ತು. ಶನಿವಾರ ಲ್ಯಾಬ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ.