ಅಣಶಿಯಲ್ಲಿ ಕಾರಿನ ಕಿಟಕಿಗೆ ಜೀಬ್ರಾ ಬರುವುದಿಲ್ಲ

“ಕಾರವಾರದಿಂದ ಅಣಶಿ ಕಡೆ ಹೋದರೆ ನಿಮ್ಮ ಕಾರಿನಲ್ಲೇ ಕೂತು ಜೀಬ್ರಾ, ಒಂಟೆ, ಕಾಡುಕೋಣಕ್ಕೆ ತಿನ್ನಿಸಬಹುದು” ಎಂಬ ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸುಳ್ಳು. ಮಕ್ಕಳನ್ನು ಹೊರಡಿಸುವ ಮೊದಲು ಅದನ್ನು ಇನ್ನೊಮ್ಮೆ ನೋಡಿ.

ಸ್ಟೇರಿಂಗ್ ಎಡಕ್ಕಿದೆ. ಆ ‘ಕಾಡುಕೋಣ’ಕ್ಕೆ ಗಡ್ಡವಿದೆ, ಭುಜದ ತುಂಬ ಜೊಂಪೆ ಕೂದಲಿದೆ. ಅದು ಅಮೆರಿಕದ ಬೈಸನ್. ನಮ್ಮ ಕಾಡುಕೋಣದ ಮೈ ನುಣುಪು, ಕಾಲಿಗೆ ಬಿಳಿ ಸಾಕ್ಸ್ ಹಾಕಿದ ಹಾಗಿರುತ್ತದೆ. ಅಮೆರಿಕದಲ್ಲಿ ಇಂಥ ಪಾರ್ಕ್‌ಗಳು ನಿಜಕ್ಕೂ ಇವೆ. ಗೇಟಿನಲ್ಲೇ ಪ್ರಾಣಿಗಳ ತಿಂಡಿ ಕೊಂಡು, ಲಾಮಾ (ಒಂಟೆ ಜಾತಿಯ ಪ್ರಾಣಿ), ಮೇಕೆಗಳಿಗೆ ಕಿಟಕಿಯಿಂದಲೇ ಕೊಡುತ್ತಾರೆ.

ಅಣಶಿ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ. ಅಲ್ಲಿರುವುದು ಸಾಕಿದ ಪ್ರಾಣಿಗಳಲ್ಲ. ಹುಲಿ, ಕರಿಚಿರತೆ ಓಡಾಡುವ ಕಾಡು ಅದು. ಸಫಾರಿ ಬೇಕಾದರೆ ದಾಂಡೇಲಿ ಹತ್ತಿರದ ಫಣಸೋಲಿಯಿಂದ ಜೀಪಿನಲ್ಲಿ ಹೋಗಬೇಕು, ಸ್ವಂತ ಕಾರಿನಲ್ಲಲ್ಲ. ಏನೂ ಕಾಣದೆ ವಾಪಸು ಬರುವುದೂ ಉಂಟು, ಕಾಡು ಅಲ್ವಾ.

ಜೀಬ್ರಾ ನೋಡಲೇಬೇಕಂದರೆ ಮೈಸೂರು ಮೃಗಾಲಯವಿದೆ. ಅಲ್ಲೂ ಸುಮ್ನೆ ನೋಡಬಹುದಷ್ಟೆ. ಮೃಗಾಲಯದ ಪ್ರಾಣಿಗಳಿಗೆ ಜನ ತಿನ್ನಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ.