ಈಸೋ ಆರೋ

ಆಷಾಢದ ಮಧ್ಯಾಹ್ನ. ಶಿವಮೊಗ್ಗದಲ್ಲೇ ಎರಡು ದಿನದಿಂದ ಹಗ್ಗದ ಮೇಲಿನ ಬಟ್ಟೆ ಒಣಗಿರಲಿಲ್ಲ. ತೀರ್ಥಹಳ್ಳಿ ಕಡೆಯಿಂದ ಭಾವನ ಫೋನು ಬಂತು. ಊಟ ಆಯ್ತಾ ಇಲ್ಲ, ಮಳೆ ಹೆಂಗಿದೆ ಇಲ್ಲ. "ಹ್ಯಾಸೋ ಹ್ಯಾವೋ ಬೇಗ ಹೇಳು ಮಾರಾಯ, ಕಾಲಿಗೆ ಉಂಬಳ ಹತ್ತುತ್ತಿದೆ" ಅಂದರು.

ಇಂಗ್ಲಿಷ್ ಎಂ.ಎ. ಮಾಡಿದ ತಪ್ಪಿಗೆ 30 ವರ್ಷದಿಂದ ನೆಂಟರ ಅರ್ಜಿ ತಿದ್ದುತ್ತಿದ್ದೇನೆ. ಡಾಕ್ಟರಾದವನಿಗೆ ಮದುವೆಮನೆಯಲ್ಲೂ ಎಕ್ಸ್‌ರೇ ತೋರಿಸುತ್ತಾರಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಡಾಕ್ಟರಿಗೆ ಒಂದು ಹಲಸಿನಹಣ್ಣಾದರೂ ಬರುತ್ತದೆ. ನನಗೆ ಬರುವುದು, "ಇಷ್ಟು ಬರೆಯೋಕೆ ಇಷ್ಟು ಹೊತ್ತಾ?"

ಈ ಸಲದ್ದು ಅಡಿಕೆ ತೋಟದ ಕೊಳೆ, ಮಳೆಗೆ ಕಾಯಿ ಕೊಳೆತು ಉದುರುವ ರೋಗ. ಒಂದು ವಿಮಾ ಕಂಪನಿಗೆ ಕಾಗದ ಬರೆಯಬೇಕಿತ್ತು, ಅದೂ ಇಂಗ್ಲಿಷಿನಲ್ಲೇ. ಅಡಿಕೆ ಬೆಳೆದದ್ದು ಕನ್ನಡದವರು, ಕೊಳೆತದ್ದು ಕನ್ನಡದ ಮಳೆಗೆ, ಕಂತು ಕಟ್ಟಿಸಿಕೊಳ್ಳುವಾಗ ಮಾತಾಡಿದ್ದು ಚೆಂದದ ಕನ್ನಡ, ನಷ್ಟ ಹೇಳಿಕೊಳ್ಳುವಾಗ ಮಾತ್ರ ಇಂಗ್ಲಿಷ್ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇರಲಿ. ಭಾವ ತಾವೇ ಒಂದು ಕಾಗದ ಬರೆದಿದ್ದರು. ಫೋಟೋ ತೆಗೆದು ಕಳಿಸಿ ಅಂದರೆ ಹೋಗುವಷ್ಟು ನೆಟ್‌ವರ್ಕ್ ಇಲ್ಲ. ಮಾತು ಕೇಳಬೇಕೆಂದರೂ ಅವರು ಮನೆ ಹಿಂದಿನ ಧರೆ ಹತ್ತಿ ಹಲಸಿನ ಮರದ ಬುಡದ ಬಂಡೆ ಮೇಲೆ ನಿಲ್ಲಬೇಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಕಾಗದವನ್ನು ಯಾವ ಕೈಯಲ್ಲಿ ಹಿಡಿದಿದ್ದರೋ ನಾನು ಕೇಳಲಿಲ್ಲ.

"ಮೈ ಗಾರ್ಡನ್ ಈಸ್ ಒನ್ ಆಫ್ ದಿ ಗಾರ್ಡನ್ಸ್ ದಟ್ ಹ್ಯಾಸ್ ಬೀನ್ ಅಫೆಕ್ಟೆಡ್ ಬೈ ಕೊಳೆ ರೋಗ" ಅಂತ ಓದಿದರು.

"ಹ್ಯಾವ್ ಆಗಬೇಕು ಭಾವ."

"ಹ್ಯಾವ್ ಹೆಂಗೆ? ನಂದು ಇರೋದೇ ಒಂದು ತೋಟ."

"ಕೊಳೆ ಬಂದ ತೋಟ ಬಹಳ ಇದೆಯಲ್ಲ. ಆ ದಟ್ ಇದೆಯಲ್ಲ, ಅದು ಗಾರ್ಡನ್ಸ್‌ಗೆ ಸೇರಿದ್ದು, ನಿಮ್ಮ ಗಾರ್ಡನ್ನಿಗಲ್ಲ."

ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. ಆಮೇಲೆ, "ಅಂದರೆ ಹ್ಯಾವ್ ಹಾಕಿದರೆ ಪರಿಹಾರ ಪಕ್ಕದವನಿಗೂ ಹೋಯ್ತು ಅಂತಾಯ್ತು."

ಎಂ.ಎ.ಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ಇಂಗ್ಲಿಷಿನವರೇ ಇಂಥ ಕಡೆ ಹ್ಯಾಸ್, ಹ್ಯಾವ್ ಎರಡನ್ನೂ ಬರೆಯುತ್ತಾರೆ, ವ್ಯಾಕರಣದವರು ಕಾದಾಡುತ್ತಾರೆ ಅಂತ ಹೇಳಬಹುದಿತ್ತು. ಹೇಳಿದ್ದರೆ "ಹಾಗಾದರೆ ಮೊದಲು ಯಾಕೆ ತಪ್ಪು ಅಂದೆ" ಅನ್ನುತ್ತಿದ್ದರು. ಸುಮ್ನೆ ಇದ್ದೆ.

ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. ಕೊಳೆ ಬಂದ ತೋಟಗಳಲ್ಲಿ ನಮ್ಮದೂ ಒಂದು. ಮುಗೀತು. ಒಂದು ತೋಟಕ್ಕೆ ಬಂದರೂ ಬಂದ, ನೂರಕ್ಕೆ ಬಂದರೂ ಬಂದ. ಬಂದ ಹುಡುಗ, ಬಂದ ಹುಡುಗಿ, ಬಂದ ನೆಂಟರು, ಬಂದ ದನ. ಮಾತಿನ ಹೊಟ್ಟೆಯೊಳಗಿರುವ ಕ್ರಿಯಾಪದಕ್ಕೆ ನೀನು ಯಾರ ಪೈಕಿ ಅಂತ ಕನ್ನಡ ಕೇಳುವುದೇ ಇಲ್ಲ. ಕೊನೆಯಲ್ಲಿ ಕೂತ ಒಂದೇ ಕ್ರಿಯಾಪದ ಮನೆ ಯಜಮಾನನ ಹಾಗೆ ಎಲ್ಲರ ಪರವಾಗಿ ಉತ್ತರ ಹೇಳುತ್ತದೆ. ಅಡಿಕೆ ವಿಷಯ ಬಂದರೆ ಆ ಯಜಮಾನನೂ ಉದಾಸೀನ. ಒಂದು ಅಡಿಕೆ ಬಿತ್ತು, ರಾಶಿ ಅಡಿಕೆ ಬಿತ್ತು. ಪುಸ್ತಕದಲ್ಲಿ 'ಬಿದ್ದವು' ಅಂತಿರಬೇಕು, ನಿಜ. ತೋಟದಲ್ಲಿ ನಿಂತು ಬಿದ್ದವು ಅಂದವರನ್ನು ನಾನು ಕಂಡಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಒಳಗೆ ಎಷ್ಟು ಕ್ರಿಯಾಪದ ಇವೆಯೋ ಅಷ್ಟಕ್ಕೂ ಅಪ್ಪ ಯಾರು ಅಂತ ಹುಡುಕಬೇಕು. ಅದರ ಮೇಲೆ ಆ ಎಸ್ ಒಂದು. ನಟ್ ಫಾಲ್ಸ್, ನಟ್ಸ್ ಫಾಲ್. ಮನೆಗೊಂದೇ ಕೊಡೆ ಇದ್ದ ಹಾಗೆ, ಇವರು ಹಿಡಿದರೆ ಅವರು ನೆನೆಯಬೇಕು.

ಉಂಬಳದ ವಿಷಯ ಹೇಳುತ್ತಿದ್ದೆ. ಉಂಬಳವೋ ಇಂಬಳವೋ ಅಂತ ನಮ್ಮ ಮನೆಯಲ್ಲೇ ಒಮ್ಮತವಿಲ್ಲ. ಪೇಟೆಯವರು ಜಿಗಣೆ ಅಂದುಬಿಡುತ್ತಾರೆ, ಜಿಗಣೆ ಕೆರೆಯದ್ದು, ಇದು ಕಾಡಿನದ್ದು. ಮಳೆಗಾಲದಲ್ಲಿ ತರಗೆಲೆಯ ತುದಿಯಲ್ಲಿ ಬಾಲದ ಮೇಲೆ ಎದ್ದು ನಿಂತು, ಮೈ ಬಿಸಿ, ಉಸಿರು ಯಾವ ಕಡೆಯಿಂದ ಬರುತ್ತದೆ ಅಂತ ಆಚೆ ಈಚೆ ತೂಗಾಡುತ್ತಾ ಕಾಯುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಎಂಜಲಿಗೆ ರಕ್ತ ಹೆಪ್ಪುಗಟ್ಟುವುದೂ ಇಲ್ಲ, ಅದು ಕುಡಿದು ಬಿದ್ದುಹೋದ ಮೇಲೂ ಹರಿಯುತ್ತಲೇ ಇರುತ್ತದೆ.

ಮದುವೆಯಾದ ಹೊಸತು. ಭೀಮನ ಅಮಾವಾಸ್ಯೆಗೆ ಮಾವನ ಮನೆಗೆ ಹೋಗಿದ್ದೆ. ಹೊಸ ಅಳಿಯ, ಬಿಳಿ ಪಂಚೆ, ಬಾಳೆಲೆ, ಪಂಕ್ತಿಯಲ್ಲಿ ಮೊದಲನೇ ಜಾಗ. ಪಾಯಸ ಬರುವ ಹೊತ್ತಿಗೆ ಎದುರಿಗೆ ಕೂತಿದ್ದ ಅಜ್ಜಿ ನನ್ನ ಮಂಡಿಯನ್ನೇ ನೋಡುತ್ತಿದ್ದರು. ಬಗ್ಗಿ ನೋಡಿದರೆ ಪಂಚೆಯ ಮೇಲೆ ಅಂಗೈಯಗಲ ಕೆಂಪು. ಗುಲ್ಲೆದ್ದಿತು. ಒಬ್ಬರು ಉಪ್ಪು ಅಂದರು, ಒಬ್ಬರು ಸುಣ್ಣ ಅಂದರು, ಇನ್ನೊಬ್ಬರು ಹೊಗೆಸೊಪ್ಪಿನ ನೀರೇ ಆಗಬೇಕು ಅಂತ ಹಟ ಹಿಡಿದರು. ಮೂರಕ್ಕೂ ಒಬ್ಬೊಬ್ಬರು ಎದ್ದು ಓಡಿದರು, ಪಂಕ್ತಿಯ ಮಧ್ಯೆ ಏಳಬಾರದು ಅನ್ನುವುದನ್ನೂ ಮರೆತು. ಅತ್ತೆಯವರಿಗೆ ಕಣ್ಣಲ್ಲಿ ನೀರು. ಉಂಬಳ ಅಷ್ಟರಲ್ಲಾಗಲೇ ನನ್ನನ್ನು ಬಿಟ್ಟಿತ್ತು. ದ್ರಾಕ್ಷಿಯಷ್ಟು ದಪ್ಪವಾಗಿ, ಊಟ ಜಾಸ್ತಿಯಾದ ನೆಂಟರ ಹಾಗೆ ನಿಧಾನಕ್ಕೆ ಹೊರಳುತ್ತಾ ಪಕ್ಕದಲ್ಲಿದ್ದ ಭಾವನ ಎಲೆ ಕಡೆ ಹೊರಟಿತ್ತು. ಭಾವ ಸಾರನ್ನ ಕಲೆಸುವುದನ್ನು ನಿಲ್ಲಿಸದೆ ಒಮ್ಮೆ ನೋಡಿದರು. "ಕೊಟ್ಟಿಗೆಯಿಂದ ನನ್ನ ಜೊತೆ ಬಂದದ್ದು ಇರಬೇಕು. ನೀನು ಹತ್ತಿರ ಕೂತಿದ್ದೆ, ನಿನ್ನನ್ನು ಹಿಡೀತು" ಅಂದು ಎಡಗೈಯಲ್ಲಿ ಅದನ್ನು ಅಂಗಳಕ್ಕೆ ಎಸೆದು ಮಜ್ಜಿಗೆ ಕೇಳಿದರು. ಆ ಪಂಚೆಯ ಕಲೆ ಹೋಗಲೇ ಇಲ್ಲ. ಈಗಲೂ ಸ್ಕೂಟರ್ ಒರೆಸುವಾಗ ಕಾಣಿಸುತ್ತದೆ.

ಹತ್ತಿರ ಇದ್ದವರನ್ನು ಹಿಡಿಯುವುದು. ಭಾವನ ಎರಡನೇ ಸಾಲಿನ ರೋಗವೂ ಅದೇ. "ದಿ ಕ್ವಾಲಿಟಿ ಆಫ್ ದಿ ನಟ್ಸ್ ಇನ್ ಆಲ್ ದಿ ಬಂಚಸ್ ಆರ್ ಪೂರ್." ಆ ಆರ್ ನಿಜಕ್ಕೂ ಹೋಗಿ ಕೂರಬೇಕಾದದ್ದು ದೂರದ ಕ್ವಾಲಿಟಿ ಮೇಲೆ, ಆಗ ಅದು ಈಸ್ ಆಗುತ್ತದೆ. ಆದರೆ ದಾರಿಯಲ್ಲಿ ಬಂಚಸ್ ಸಿಕ್ಕಿತು, ಅದರ ಕಾಲಿಗೇ ಅಂಟಿಕೊಂಡಿತು. ಇದನ್ನು ಹೇಳಬೇಕು ಅಂತ ಬಾಯಿ ತೆರೆದರೆ ಫೋನು ಕಟ್ಟಾಯಿತು. ಮತ್ತೆ ಬಂತು. "ಕ್ವಾಲಿಟಿ" ಅಂದೆ, ಮತ್ತೆ ಕಟ್ಟಾಯಿತು. ಮೂರನೇ ಸಲ ಭಾವನಿಗೆ ಸಿಟ್ಟು ಬಂದಿತ್ತು. "ನಿಮ್ಮ ಇಂಗ್ಲಿಷ್ ಸಾಯಲಿ. ಅಡಿಕೆ ಗೊನೆ ಪೂರಾ ಹೋಗಿದೆ ಮಾರಾಯ, ಈಸ್ ಹೋದರೆಂತ, ಆರ್ ಹೋದರೆಂತ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಎಂ.ಎ.ಯ ಮಾನ ಹಲಸಿನ ಬುಡದಲ್ಲಿ ಹೋಗುವುದರಲ್ಲಿತ್ತು. ಸಮಾಧಾನಕ್ಕೆ ಕೇಳಿದೆ, "ಔಷಧಿ ಹೊಡೆಸಿರಲಿಲ್ವಾ ಭಾವ?"

ಕೇಳಬಾರದಿತ್ತು. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಅಳತೆ ತಪ್ಪದ ಹಾಗೆ ಬೋರ್ಡೋ ದ್ರಾವಣ ಮಾಡಿ ಮಳೆಗೆ ಮೊದಲೇ ಒಂದು ಸಲ ಹೊಡೆಸಿದ್ದರಂತೆ. 40-45 ದಿನ ಬಿಟ್ಟು ಎರಡನೆಯದು ಹೊಡೆಸಬೇಕು ತಾನೇ, ಆಗ ಮಳೆ ಬಿಡಲಿಲ್ಲ. ಬಿಸಿಲು ಬರಲಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರಲಿಲ್ಲ. ಆಳುಗಳು ಬರಲಿಲ್ಲ. ಕರೆಂಟು ಬರಲಿಲ್ಲ. ನೋಡೋಕೆ ಬರ್ತೀವಿ ಅಂದಿದ್ದ ಕಂಪನಿಯವರೂ ಬರಲಿಲ್ಲ.

ನಾನು ಕೂತಲ್ಲೇ ನೆಟ್ಟಗಾದೆ. ಒಬ್ಬ ಬರಲಿಲ್ಲ, ಹತ್ತು ಜನ ಬರಲಿಲ್ಲ, ಬಿಸಿಲೂ ಬರಲಿಲ್ಲ! ಇಲ್ಲ ಅನ್ನುವಾಗ ಕನ್ನಡದಲ್ಲಿ ಗಂಡು, ಹೆಣ್ಣು, ಒಂದು, ಹತ್ತು ಯಾವ ಭೇದವೂ ಇಲ್ಲ. ಈ ಒಂದು ಕಡೆ ಇಂಗ್ಲಿಷೂ ನಮ್ಮ ದಾರಿಗೆ ಬಂದಿದೆ. ಡಿಡ್ ನಾಟ್ ಅಂದುಬಿಟ್ಟರೆ ಈಸೂ ಇಲ್ಲ, ಆರೂ ಇಲ್ಲ.

"ಭಾವ, ಮೊದಲಿಂದ ಬರೆದದ್ದು ಹರಿದು ಹಾಕಿ. ಈಗ ಹೇಳಿದಿರಲ್ಲ, ಅಷ್ಟನ್ನೇ ಬರೆಯಿರಿ. ದಿ ರೇನ್ ಡಿಡ್ ನಾಟ್ ಸ್ಟಾಪ್. ದಿ ಸನ್ ಡಿಡ್ ನಾಟ್ ಕಮ್. ದಿ ವರ್ಕರ್ಸ್ ಡಿಡ್ ನಾಟ್ ಕಮ್. ಯುವರ್ ಆಫೀಸರ್ಸ್ ಡಿಡ್ ನಾಟ್ ಕಮ್."

ಒಂದೊಂದೇ ಸಾಲು ತಿರುಗಿ ಹೇಳಿ ನೋಡಿಕೊಂಡರು. ಕಾಲು ಕೊಡವಿದ ಸದ್ದು ಕೇಳಿಸಿತು.

"ಇದು ಬರೆಯಬಹುದು" ಅಂದರು. "ದಿ ಮನಿ ಡಿಡ್ ನಾಟ್ ಕಮ್ ಅಂತಲೂ ಈಗಲೇ ಸೇರಿಸಿಬಿಡಲಾ? ಆಮೇಲೆ ಮತ್ತೆ ಈ ಧರೆ ಹತ್ತೋದು ತಪ್ಪುತ್ತದೆ."